ಗೋಡೆಯ ಮೇಲಿನ ಮುಂಡಪ್ಪ

ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ನನ್ನದೊಂದು ಫೋಟೋ ಫ್ರೇಮಿನ ಅಂಗಡಿ ಇದೆ. ಮದುವೆಯ ಫೋಟೋ, ದೇವರ ಫೋಟೋ, ಮಕ್ಕಳ ಸರ್ಟಿಫಿಕೇಟು ಎಲ್ಲ ಬರುತ್ತವೆ. ಆದರೆ ಯಾರಾದರೂ ಗುಂಪಿನ ಹಳೆಯ ಫೋಟೋ ತಂದು, ಅದರೊಳಗಿನ ಒಬ್ಬನ ಮೇಲೆ ಬೆರಳಿಟ್ಟು, ಇವರೊಬ್ಬರನ್ನೇ ದೊಡ್ಡದು ಮಾಡಿಕೊಡಿ ಎಂದರೆ ನಾನು ಬೇರೇನನ್ನೂ ಕೇಳುವುದಿಲ್ಲ. ಗುಂಪಿನಿಂದ ಒಬ್ಬನನ್ನೇ ಕತ್ತರಿಸಿ ತೆಗೆಯುವುದು ಅವನು ತೀರಿಕೊಂಡ ಮೇಲೆ. ಹಿಂದೆ ತಿಳಿನೀಲಿ ಬಣ್ಣ, ಹನ್ನೆರಡಕ್ಕೆ ಹದಿನೈದು ಇಂಚು, ಕಂದು ಮರದ ಫ್ರೇಮು. ನನ್ನ ಕೈ ತಾನಾಗಿಯೇ ಈ ಕೆಲಸ ಮಾಡಿ ಮುಗಿಸುತ್ತದೆ. ಈ ಕೈಯ ಅಭ್ಯಾಸದಿಂದಾಗಿ ನನ್ನ ಗೆಳೆಯ ಮುಂಡಪ್ಪ ಬದುಕಿರುವಾಗಲೇ ಗೋಡೆಯಲ್ಲಿ ಸತ್ತವರ ಸಾಲಿಗೆ ಸೇರಿದ.

ಮುಂಡಪ್ಪ ನಮ್ಮ ಕಟ್ಟಡದಲ್ಲೇ ನನ್ನ ಮೇಲಿನ ಮಾಳಿಗೆಯವನು. ಊರು ಕಾಪುವಿನ ಹತ್ತಿರ. ಥಾಣೆಯ ಕೋಪರಿಯಲ್ಲಿ ಸ್ಟೇಷನ್ ಪಕ್ಕದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಕಾವಲಿಗೆ ನೀರು ಚಿಮುಕಿಸಿದಾಗ ಬರುವ ಸದ್ದಿನಿಂದಲೇ ಬಿಸಿ ಎಷ್ಟಿದೆ ಎಂದು ಹೇಳುತ್ತಿದ್ದ. ಒಮ್ಮೆಗೆ ಎಂಟು ದೋಸೆ ಹೊಯ್ದರೆ ಎಂಟೂ ಒಂದೇ ಅಳತೆ. ಬೆಳಿಗ್ಗೆ ಆಫೀಸಿಗೆ ಓಡುವ ಜನ ರೈಲು ತಪ್ಪಿದರೂ ಪರವಾಗಿಲ್ಲವೆಂದು ಅವನ ದೋಸೆಗೆ ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇಷ್ಟೆಲ್ಲ ಇದ್ದವನಿಗೆ ಬಾಯಿ ಮಾತ್ರ ಹಿಡಿತದಲ್ಲಿರಲಿಲ್ಲ. ಹೋಟೆಲಿನ ರವೆ, ತುಪ್ಪ, ಸಕ್ಕರೆಯ ಶೀರಾ ಎಂದರೆ ಪ್ರಾಣ. ದಿನಕ್ಕೆ ಅರ್ಧ ಲೋಟದ ಹತ್ತು ಕಟಿಂಗ್ ಚಹಾ, ಪ್ರತಿಯೊಂದಕ್ಕೂ ಮೇಲಿನಿಂದ ಒಂದು ಚಮಚ ಸಕ್ಕರೆ.

ಕಳೆದ ದಸರಾದ ಹೊತ್ತಿಗೆ ಅವನ ಎಡಗಾಲಿನ ಹೆಬ್ಬೆರಳಲ್ಲಿ ಒಂದು ಗಾಯವಾಗಿ ಒಣಗದೆ ಉಳಿಯಿತು. ಥಾಣೆಯ ಡಾಕ್ಟರು ಮೂರು ತಿಂಗಳ ಸರಾಸರಿ ತೋರಿಸುವ ಸಕ್ಕರೆ ಪರೀಕ್ಷೆ ಮಾಡಿಸಿದರು. ಹತ್ತೂಮುಕ್ಕಾಲು ಬಂತು. ಎಂಟರ ಕೆಳಗೆ ಇಳಿಯದಿದ್ದರೆ ಗಾಯ ಒಣಗುವುದಿಲ್ಲ, ಗಾಯ ಒಣಗದಿದ್ದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ ಎಂದೂ ಹೇಳಲಾರೆ ಎಂದರು. ನಿಂತು ಮಾಡುವ ಕೆಲಸ ಸದ್ಯಕ್ಕೆ ಬೇಡವೆಂದೂ ಹೇಳಿದರು. ಹೋಟೆಲಿನ ಯಜಮಾನರು ಒಳ್ಳೆಯವರು, ಅವನನ್ನು ಬಾಗಿಲ ಬಳಿ ಕೂಪನ್ ಹರಿದುಕೊಡುವ ಕುರ್ಚಿಯಲ್ಲಿ ಕೂರಿಸಿದರು. ಕಾವಲಿಗೆ ಬೇರೆ ಕೈ ಬಂತು. ತನ್ನ ಕಾವಲಿಯಲ್ಲಿ ಇನ್ನೊಬ್ಬ ದೋಸೆ ಹೊಯ್ಯುವುದನ್ನು ದಿನವಿಡೀ ನೋಡುತ್ತಾ ಕೂರುವುದು ಅವನಿಗೆ ಗಾಯಕ್ಕಿಂತ ಹೆಚ್ಚು ನೋಯುತ್ತಿತ್ತು. ಆ ನೋವಿಗೂ ಅವನು ಶೀರಾವನ್ನೇ ತಿನ್ನುತ್ತಿದ್ದ.

ಮಗಳು ನಿಶ್ಮಿತಾ ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಎಲ್ಲರೂ ತಮಗೆ ಬೇಕಾದುದರ ಚಿತ್ರವನ್ನು ಮೇಜಿನ ಎದುರು ಅಂಟಿಸಿಕೊಳ್ಳುತ್ತಾರಂತೆ. ಒಬ್ಬನದು ಕಾರು, ಇನ್ನೊಬ್ಬಳದು ಬದಲಾಪುರದ ಫ್ಲ್ಯಾಟು. ದಿನಾ ಕಣ್ಣಿಗೆ ಬೀಳುತ್ತಿದ್ದರೆ ಮನಸ್ಸು ಆಚೀಚೆ ಹೋಗುವುದಿಲ್ಲವಂತೆ. ಅಪ್ಪನಿಗೂ ಹಾಗೇ ಮಾಡಲು ಹೇಳಿದಳು. ಇಲ್ಲಿ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಆಪ್‌ಕೋ ಕ್ಯಾ ಚಾಹಿಯೇ, ವೋ ಬೋಲೋ," ಎಂದು ಕೇಳಿದಳಂತೆ. ಮುಂಡಪ್ಪ ಎರಡು ದಿನ ಯೋಚಿಸಿ, ತನಗೆ ಮತ್ತೆ ಕಾವಲಿಯ ಮುಂದೆ ನಿಲ್ಲಬೇಕು, ಇನ್ನೇನೂ ಬೇಡ ಎಂದ. ಹೋಟೆಲಿನ ಕೆಲಸದವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಒಂದು ಹಳೆಯ ಫೋಟೋ ಅವನ ಹತ್ತಿರ ಇತ್ತು. ಅದರಲ್ಲಿ ಅವನಿಗೆ ಇಪ್ಪತ್ತೇಳು ವರ್ಷ, ಸಣ್ಣ ಸೊಂಟ, ಎರಡು ಕಾಲೂ ಗಟ್ಟಿ. ಅದನ್ನೇ ನನ್ನಲ್ಲಿಗೆ ತಂದು, ತನ್ನನ್ನೊಬ್ಬನನ್ನೇ ದೊಡ್ಡದು ಮಾಡಿಕೊಡಲು ಹೇಳಿದ.

ಕಾರಣವನ್ನೆಲ್ಲ ಕೇಳಿಸಿಕೊಂಡೆ, ತಲೆ ಆಡಿಸಿದೆ, ಆಮೇಲೆ ಕೈ ತನ್ನ ಪಾಡಿಗೆ ತಿಳಿನೀಲಿ ಬಣ್ಣ ಹಾಕಿ ಕೂತಿತು. ಕಾಲು ಮುಖ್ಯ ಎಂದು ಬಂದವನಿಗೆ ಎದೆಯವರೆಗಿನ ಫೋಟೋ ಮಾಡಿಕೊಟ್ಟೆ. ನನ್ನಂಥ ಬುದ್ಧಿವಂತ ಇನ್ನೊಬ್ಬನಿಲ್ಲ. ಅವನಾದರೂ ಬೈಯಬೇಕಿತ್ತು. ತನ್ನ ಮೀಸೆಯನ್ನು ನೋಡಿ ಖುಷಿಯಾಗಿ ತೆಗೆದುಕೊಂಡು ಹೋದ. ಊಟಕ್ಕೆ ಕೂರುವಾಗ ಎದುರಿಗೆ ಕಾಣುವ ಗೋಡೆಯಲ್ಲಿ ಇದ್ದುದು ಎರಡೇ ಮೊಳೆ. ಒಂದರಲ್ಲಿ ಅವನ ತಂದೆಯ ಫೋಟೋ, ಅದರ ಕೆಳಗೆ ಸದಾ ಉರಿಯುವ ಸಣ್ಣ ಕೆಂಪು ಬಲ್ಬು. ಇನ್ನೊಂದರಲ್ಲಿ ಇವನು ತೂಗಿಕೊಂಡ. ಅವನ ಹೆಂಡತಿ ಜಲಜಾಕ್ಷಿ ಮನೆಯಲ್ಲಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಅವಳು ಅಕ್ಕನ ಆಪರೇಷನ್ನಿಗೆಂದು ಊರ ಕಡೆ ಶಿರ್ವಕ್ಕೆ ಹೋದವಳು ತಿಂಗಳಾದರೂ ಬಂದಿರಲಿಲ್ಲ.

ಮೊದಲ ವಾರ ಫೋಟೋ ಕೆಲಸ ಮಾಡಿತು. ಅನ್ನ ಕಡಿಮೆ ಮಾಡಿದ, ಚಹಾಕ್ಕೆ ಸಕ್ಕರೆ ಬಿಟ್ಟ. ಎರಡನೆಯ ವಾರ ಕಣ್ಣಿಗೆ ಅಭ್ಯಾಸವಾಯಿತು. ಮೂರನೆಯ ವಾರ ಕ್ಯಾಲೆಂಡರೂ ಒಂದೇ ಅದೂ ಒಂದೇ. ಕೋಪರಿಯಲ್ಲಿ ಶೀರಾದ ತಟ್ಟೆ ಮತ್ತೆ ಕೂಪನ್ ಮೇಜಿಗೆ ಬರತೊಡಗಿತು. ಮನೆಯಲ್ಲಿ ಮಗಳ ಎದುರು ಎರಡು ಚಪಾತಿ ತಿಂದು ಎದ್ದು ಬಿಡುತ್ತಿದ್ದ, ಅವಳು ಮೆಚ್ಚಿಕೊಳ್ಳುತ್ತಿದ್ದಳು. ನನಗೆ ಗೊತ್ತಿತ್ತು, ಅವನ ಅಂಗಿಯ ಜೇಬಿನಲ್ಲಿ ತುಪ್ಪದ ಕಲೆ ಇರುತ್ತಿತ್ತು. ನಾನು ಹೇಳಿದೆ, ಬೈದೆ, ಕೈಮುಗಿದೆ. ಅವನು ನಗುತ್ತಿದ್ದ. ಗಾಯದ ಸುತ್ತ ಕಪ್ಪಾಗುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು, ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

ಜನವರಿ ಕೊನೆಯ ಒಂದು ಭಾನುವಾರ ಬೆಳಿಗ್ಗೆ ನಾನು ಅವನ ಮನೆಯಲ್ಲಿ ಕುಳಿತಿದ್ದೆ. ನಿಶ್ಮಿತಾ ತರಕಾರಿಗೆ ಹೋಗಿದ್ದಳು. ಮುಂಡಪ್ಪ ಬಚ್ಚಲಿನಲ್ಲಿ ಕಾಲು ತೊಳೆದು ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಬಾಗಿಲು ತೆರೆದೇ ಇತ್ತು. ಲತೀಶ ಬಂದ. ಅವನು ಹಿಂದೆ ಅದೇ ಹೋಟೆಲಿನಲ್ಲಿ ಮುಂಡಪ್ಪನ ಜೊತೆಗೆ ಕೆಲಸ ಮಾಡಿದವನು, ಈಗ ಕಲ್ಯಾಣದಲ್ಲಿ ಸ್ವಂತ ಕ್ಯಾಂಟೀನು. ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದ. ಕೈಯಲ್ಲಿದ್ದ ಕಾರ್ಡಿನ ಮೇಲೆ ಮುಂಡಪ್ಪನ ಹೆಸರೂ ಜಲಜಾಕ್ಷಿಯ ಹೆಸರೂ ಬರೆದಿತ್ತು. ನಗುತ್ತಾ ಒಳಗೆ ಬಂದವನು ಗೋಡೆ ನೋಡಿದ. ತಿಳಿನೀಲಿ ಬಣ್ಣ, ಕಂದು ಫ್ರೇಮು, ತಂದೆಯ ಪಕ್ಕ, ಕೆಂಪು ಬಲ್ಬು. ಕಾರ್ಡನ್ನು ಮೆಲ್ಲನೆ ಚೀಲಕ್ಕೆ ಹಾಕಿ ಕುರ್ಚಿಯ ತುದಿಯಲ್ಲಿ ಕುಳಿತ. ಯಾವಾಗ ಎಂದು ನನ್ನನ್ನು ಕೇಳಿದ.

ಆ ಕ್ಷಣದಲ್ಲಿ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ನಲ್ಲಿ ನಿಂತಿದ್ದು ನನಗೆ ಕೇಳಿಸಿತ್ತು. ಕೇಳಿಸಿಕೊಳ್ಳಲಿ ಒಮ್ಮೆ ಎಂದುಕೊಂಡು ತಲೆ ತಗ್ಗಿಸಿದೆ. ದುಷ್ಟತನವೇ ಅದು, ಒಪ್ಪಿಕೊಳ್ಳುತ್ತೇನೆ.

ಲತೀಶ ಕಣ್ಣು ಒರೆಸಿಕೊಂಡ. "ಅಂಥ ಕೈ ಇನ್ನು ಸಿಕ್ಕುವುದಿಲ್ಲ ಪುಂಡರೀಕಣ್ಣ. ನನಗೆ ಹಿಟ್ಟು ಹದ ಮಾಡ್ಲಿಕ್ಕೆ ಕಲಿಸಿದ್ದೇ ಅವರು. ಕಲ್ಯಾಣದಲ್ಲಿ ನಾನು ಅಂಗಡಿ ಇಟ್ಟ ದಿವಸ ರಜೆ ಹಾಕಿ ಬಂದು ಕಾವಲಿ ಹದಕ್ಕೆ ತಂದುಕೊಟ್ಟು ಹೋದ್ರು. ಒಂದು ಬಾಯಿ, ಅದೊಂದನ್ನು ಕಟ್ಲಿಕ್ಕೆ ಆಗ್ಲಿಲ್ಲ ನೋಡಿ. ಆ ಜಲಜಕ್ಕನ ಗತಿ ಎಂಥ ಈಗ? ಅವರಿಗೂ ಆ ಹುಡುಗಿಗೂ ಇವರು ಬಿಟ್ರೆ ಈ ಊರಲ್ಲಿ ಯಾರಿದ್ದಾರೆ?"

ಬಚ್ಚಲಿನ ಬಾಗಿಲು ತೆರೆಯಿತು. ಭುಜದ ಮೇಲೆ ಟವೆಲ್ಲು, ಕಾಲಿಗೆ ಅರ್ಧ ಕಟ್ಟಿದ ಪಟ್ಟಿ, ಮುಂಡಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ. ಲತೀಶ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನಗಬೇಕಾದ ಸಂಗತಿ, ಮೂವರಲ್ಲಿ ಯಾರಿಗೂ ನಗು ಬರಲಿಲ್ಲ. ಮುಂಡಪ್ಪನ ಮುಖ ನಾನು ಅಷ್ಟು ವರ್ಷ ಕಂಡ ಮುಖವಾಗಿರಲಿಲ್ಲ.

"ಕೂತ್ಕೊ ಲತೀಶ," ಎಂದ. "ಜಲಜನ ಗತಿ ಎಂಥ ಅಂತ ನಾನು ಒಂದು ದಿವಸವೂ ಯೋಚನೆ ಮಾಡಿದ್ದಿಲ್ಲ ಮಾರಾಯ."

ಲತೀಶ ಹೋದ ಮೇಲೆ ಅವನೇ ಫೋಟೋ ಇಳಿಸಿ ನನ್ನ ಕೈಗೆ ಕೊಟ್ಟ. ನನಗೆ ಬೈಯಲಿಲ್ಲ. ನಾನೇ ತಪ್ಪಾಯಿತು ಎಂದೆ. ಅವನು ಬೇರೆಯೇ ಒಂದು ಲೆಕ್ಕ ಹಾಕುತ್ತಿದ್ದ. ಶೀರಾ ಇರುವುದು ಕೋಪರಿಯಲ್ಲಿ, ಫೋಟೋ ನೇತಾಡುವುದು ಡೊಂಬಿವಲಿಯಲ್ಲಿ, ಇದರಿಂದ ಏನು ಪ್ರಯೋಜನ ಎಂದ. ಲತೀಶ ಕೊಟ್ಟುಹೋದ ಮದುವೆ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು, ಮರುದಿನ ಅದನ್ನು ಕೂಪನ್ ಮೇಜಿನ ಮೇಲೆ, ತಟ್ಟೆ ಬಂದು ಕೂರುವ ಜಾಗದಲ್ಲೇ ಅಂಟಿಸಿದ. ಮದುವೆ ಮೇ ತಿಂಗಳಲ್ಲಿ. ಶ್ರೀ ಮುಂಡಪ್ಪ ಮತ್ತು ಶ್ರೀಮತಿ ಜಲಜಾಕ್ಷಿ ಎಂದು ಲತೀಶನ ಅಂಕುಡೊಂಕು ಅಕ್ಷರ. ತಟ್ಟೆ ಇಡಬೇಕಾದರೆ ಆ ಎರಡು ಹೆಸರಿನ ಮೇಲೆಯೇ ಇಡಬೇಕು. ಒಂದು ದಿನ ಇಟ್ಟೇಬಿಟ್ಟನಂತೆ. ಎರಡು ಚಮಚ ತಿಂದು, ಹೆಂಡತಿಯ ಹೆಸರಿನ ಮೇಲೆ ತುಪ್ಪ ಬಿದ್ದಿದ್ದನ್ನು ನೋಡಿ, ಒರೆಸಿ, ಉಳಿದುದನ್ನು ವಾಪಸು ಕಳಿಸಿದನಂತೆ. ಇದನ್ನು ಅವನೇ ನನಗೆ ಹೇಳಿದ, ನಾಚಿಕೆಯಿಂದ.

ಜಲಜಾಕ್ಷಿ ಫೆಬ್ರವರಿಯಲ್ಲಿ ಬಂದಳು. ಫೋಟೋದ ಕತೆಯನ್ನು ಮಗಳು ಹೇಳಿಬಿಟ್ಟಿದ್ದಳು. ಜಲಜಾಕ್ಷಿ ಹದಿನೈದು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಅದು ನ್ಯಾಯವೇ. ಗಂಡನ ಗಾಯವನ್ನು ಬಿಚ್ಚಿ ನೋಡಿದ ದಿನ ಮಾತ್ರ ಕೆಳಗೆ ಬಂದು ನನ್ನ ಹೆಂಡತಿಯನ್ನು ಹಿಡಿದುಕೊಂಡು ಅತ್ತಳು. ಆಮೇಲೆ ದಿನಾ ಬೆಳಿಗ್ಗೆ ಅವಳೇ ಗಾಯ ತೊಳೆದಳು. ರಾಗಿ, ಹೆಸರುಕಾಳು, ಸೊಪ್ಪು ಹಾಕಿ ಡಬ್ಬಿ ಕಟ್ಟಿದಳು. ಮುಂಡಪ್ಪ ಗೊಣಗುತ್ತಾ ತಿಂದ. ಮಾರ್ಚಿನಲ್ಲಿ ಕಪ್ಪು ಬಣ್ಣ ಹಿಂದೆ ಸರಿಯಿತು. ಏಪ್ರಿಲ್ ಕೊನೆಗೆ ಗಾಯ ಮುಚ್ಚಿತು. ಮೇ ಮೊದಲ ವಾರ ಪರೀಕ್ಷೆ ಮಾಡಿಸಿದಾಗ ಏಳೂಕಾಲು. ಹೆಬ್ಬೆರಳಿಗೆ ಇನ್ನು ಭಯವಿಲ್ಲ, ದಿನಕ್ಕೆ ಎರಡು ಗಂಟೆ ನಿಲ್ಲಬಹುದು, ಕಾಲಿಗೆ ಮೆತ್ತನೆಯ ಬೂಟು ಕಡ್ಡಾಯ ಎಂದರು ಡಾಕ್ಟರು. ಮುಂಡಪ್ಪ ಅವರನ್ನು ಕೇಳಿದ್ದು ಒಂದೇ: ಬೆಳಗಿನ ಎರಡು ಗಂಟೆ ಆದೀತೇ.

ಅವನು ಕಾವಲಿಗೆ ಮರಳುವ ದಿನ ನಾನು ಕೋಪರಿಗೆ ಹೋಗುವುದೆಂದು ಮೊದಲೇ ಹೇಳಿದ್ದೆ. ಸ್ಟೇಷನ್ನಿನಲ್ಲಿ ನೋಡಿದರೆ ಜಲಜಾಕ್ಷಿಯೂ ಸೀರೆ ಉಟ್ಟು ನಿಂತಿದ್ದಾಳೆ. ಕೆಲಸದವರ ಮನೆಯವರು ಗಿರಾಕಿಗಳ ಸಾಲಿನಲ್ಲಿ ಬಂದು ಕೂರುವ ಪದ್ಧತಿ ಆ ಹೋಟೆಲಿನಲ್ಲಿಲ್ಲ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಸಲವೂ ಒಳಗೆ ಕಾಲಿಟ್ಟವಳಲ್ಲ. ಆ ದಿನ ಯಾರನ್ನೂ ಕೇಳದೆ ನೇರ ಒಳಗೆ ನಡೆದು, ಕಾವಲಿ ಕಾಣುವ ಮೇಜಿನಲ್ಲಿ ಕುಳಿತಳು. ಯಜಮಾನರು ಗಲ್ಲಾದಿಂದ ಎದ್ದು ಬಂದು ಅವಳಿಗೆ ನಮಸ್ಕಾರ ಹೇಳಿದರು.

ಮುಂಡಪ್ಪ ಅವಳನ್ನು ನೋಡಿ ಒಂದು ಗಳಿಗೆ ಸೌಟು ಹಿಡಿದು ನಿಂತ. ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಾವಲಿ ಒರೆಸಿ, ಹಿಟ್ಟು ಹೊಯ್ದ. ಕೈ ಸುತ್ತಿಕೊಂಡು ಹೋಯಿತು, ದೋಸೆ ಹರಡಿತು. ಎರಡು ಕಾಲ ಮೇಲೂ ಸರಿಯಾಗಿ ನಿಂತಿದ್ದ. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದು ಯಾಕೆ. ದೋಸೆ ಮೇಜಿಗೆ ಬಂತು. ಜಲಜಾಕ್ಷಿ ತಲೆ ಎತ್ತದೆ ಪೂರ್ತಿ ತಿಂದಳು. ಇನ್ನು ಹೊರಡೋಣವೇ ಎಂದು ನಾನು ಕೇಳಿದೆ.

"ಇನ್ನೊಂದು ಹೇಳಿ ಅಣ್ಣ," ಎಂದಳು. "ನನಗೆ ತಿನ್ನಲಿಕ್ಕಲ್ಲ. ಅವರು ಹೊಯ್ಯುವುದನ್ನು ಇನ್ನೊಮ್ಮೆ ನೋಡಬೇಕು."