ಮಗಳಿಗೆ ಕುಡಿಸಿದ ಹಸಿಹಾಲು

ರತ್ನಾ, ಮಗಳಿಗೆ ಹಸಿಹಾಲು ಕುಡಿಸಿದವನು ನಾನು. ಡಾಕ್ಟರು ಕೇಳಿದಾಗ ಇಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ತಪ್ಪು ನಿನ್ನದೆಂದು ನೀನು ಇಷ್ಟು ವರ್ಷ ಕೊರಗುತ್ತಿದ್ದರೆ, ಎದುರಿಗೇ ಕೂತು ಮುದ್ದೆ ಮುರಿಯುತ್ತಾ ಸುಮ್ಮನಿದ್ದೆನಲ್ಲ — ಎಲ್ಲದಕ್ಕಿಂತ ಅದೇ ದೊಡ್ಡದು.

ಎಲ್ಲಿಂದ ಹೇಳಲಿ? ಆಪರೇಷನ್ ಆದ ದಿನದಿಂದ ಹೇಳುತ್ತೇನೆ. ನಿನ್ನ ಒಂದು ಕಿಡ್ನಿ ತೆಗೆದು ಮಗಳು ಸಿಂಚನಾಳಿಗೆ ಜೋಡಿಸಿ ಡಾಕ್ಟರು ಹೊರಗೆ ಬಂದರು. "ರಕ್ತ ಹರಿದ ಕೂಡಲೇ ಕೆಲಸ ಶುರು ಮಾಡ್ತು, ಅಲ್ಲೇ ಮೂತ್ರ ಬಂತು" ಎಂದರು. ಮಾಡದಕೆರೆಯ ಬಯಲಲ್ಲಿ ಕುರಿ ಈಯುವುದನ್ನು ನೋಡುತ್ತಲೇ ಬೆಳೆದವನು ನಾನು. ಜೀವ ಬರುವುದೂ ಹೋಗುವುದೂ ನನಗೆ ಹೊಸದಲ್ಲ. ಆದರೆ ಒಬ್ಬಳ ಒಡಲಿನ ತುಣುಕು ಇನ್ನೊಬ್ಬಳ ಒಡಲಿಗೆ ಹೋಗಿ, ಯಾರೂ ಹೇಳಿಕೊಡದೆ, ತನ್ನ ಕೆಲಸ ತಾನು ಹಿಡಿಯುವುದು — ಅದು — ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಅಲ್ಲೇ ಚಪ್ಪಲಿ ಬಿಟ್ಟು ಕೈಮುಗಿದೆ. ಯಾರಿಗೆ ಮುಗಿದೆನೋ ನನಗೇ ಗೊತ್ತಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಬುದ್ಧಿ ಹೇಳಿದರು. ತಾಯಿಯದೇ ಆದರೂ ಮೈ ಅದನ್ನು ಪರರದೆಂದು ತಿಳಿದು ಒಲ್ಲೆ ಎನ್ನುತ್ತದೆ. ಸುಮ್ಮನಿರಿಸಲು ಜೀವನಪೂರ್ತಿ ಮಾತ್ರೆ ಬೇಕು. ಮಾತ್ರೆಯಿಂದ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಕುದಿಸದ ಹಾಲು ಬೇಡ, ಕುರಿಗಳ ಹತ್ತಿರ ಬಿಡಬೇಡಿ. ನೀನು ಒಂದೊಂದು ಮಾತನ್ನೂ ಬಾಯಿಪಾಠ ಮಾಡಿದೆ. ನಾನೋ, ಅಲ್ಪವಿದ್ಯಾ ಮಹಾಗರ್ವಿ, 'ಒಲ್ಲೆ ಎನ್ನುತ್ತದೆ' ಎಂಬುದೊಂದನ್ನೇ ಹಿಡಿದುಕೊಂಡೆ. ಇದು ನನಗೆ ಗೊತ್ತಿರುವ ವಿದ್ಯೆ ಎಂದುಕೊಂಡೆ. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಬಿಟ್ಟರೆ ಅದು ಹಾಯುತ್ತದೆ, ಒದೆಯುತ್ತದೆ. ಆ ಕುರಿಯದೇ ಹಾಲು ಕರೆದು ಮರಿಯ ಮೈಗೆ ಸವರಿ, ಬಾಯಿಗೂ ಬಿಟ್ಟರೆ, ವಾಸನೆ ಒಂದಾಗಿ ತನ್ನದೆಂದು ನೆಕ್ಕುತ್ತದೆ. ಕಾಯಿಸಿದ ಹಾಲಿಗೆ ಆ ವಾಸನೆ ಇರುವುದಿಲ್ಲ. ನಮ್ಮ ಮಂದೆಯಲ್ಲಿದ್ದದ್ದು ನಿನ್ನ ತವರಿನ ಬಳುವಳಿ ಕುರಿಗಳ ಪೀಳಿಗೆ; ಅದೇ ಹಾಲಲ್ಲಿ ನೀನು ಬೆಳೆದವಳು. ಆ ಹಾಲು ಮಗಳ ಮೈಗೂ ಹತ್ತಿದರೆ ಕಿಡ್ನಿಗೂ ಅವಳಿಗೂ ಹೊಂದಿಕೆಯಾದೀತು ಎಂದು... ಎಷ್ಟು ನಂಬಿದ್ದೆ, ರತ್ನಾ!

ನೀನು ಹೊಸದುರ್ಗದ ಸಂತೆಗೆ ಹೋದ ದಿನ ಒಂದು ಲೋಟ ನೊರೆಹಾಲು ಕರೆದು ತಂದೆ.

"ಅಪ್ಪಾ, ಕಾಯಿಸ್ಬೇಕಲ್ವಾ? ಅವ್ವ ಬೈತಾಳೆ" ಎಂದಳು ಮಗಳು. ಒಂಬತ್ತು ವರ್ಷದ ಹುಡುಗಿ.

"ನಿನ್ನ ಒಳ್ಳೇದಕ್ಕೇ ಐತೆ, ಕುಡಿಯೇ. ಅವ್ವಂಗೆ ಹೇಳ್ಬ್ಯಾಡ."

ನನ್ನ ಮುಖ ನೋಡಿ ಕುಡಿದಳು. ಆಮೇಲೂ ಹಲವು ಸಲ ಕುಡಿಸಿದೆ.

ಜ್ವರ ಬಂತು. ಬಿಟ್ಟು ಬಿಟ್ಟು ಬಂತು. ಆಸ್ಪತ್ರೆಗೆ ಹೊರಟ ಬಸ್ಸು ಹಿರಿಯೂರು ದಾಟುವಷ್ಟರಲ್ಲಿ ಅವಳ ಬೆವರಿಗೆ ನಿನ್ನ ಸೆರಗೆಲ್ಲ ಒದ್ದೆಯಾಗಿತ್ತು. ಡಾಕ್ಟರು ನೇರವಾಗಿಯೇ ಕೇಳಿದರು, "ಹಸಿ ಹಾಲು ಏನಾದ್ರೂ ಕುಡಿದಿದ್ದಾಳಾ?" ನಾನು "ಇಲ್ಲ ಸಾರ್" ಎಂದೆ. ಮಗಳು ಹಾಸಿಗೆಯಿಂದ ನನ್ನನ್ನೇ ನೋಡಿದಳು. ಏನೂ ಹೇಳಲಿಲ್ಲ.

ನನ್ನ ಮಾತು ನಂಬಿದರು. ಮೈ ಕಿಡ್ನಿಯನ್ನು ಒಲ್ಲೆನ್ನುತ್ತಿದೆ ಎಂದು ತಿಳಿದು, ರೋಗ ತಡೆಯುವ ಶಕ್ತಿ ಇನ್ನಷ್ಟು ಕುಗ್ಗಿಸುವ ಇಂಜೆಕ್ಷನ್ ಕೊಟ್ಟರು. ಜ್ವರ ಏರಿತು. ಮುಖ ಊದಿ ಅವಳ ಕಣ್ಣೇ ಕಾಣದಂತಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಕಡೆಗೆ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು, ಕುರಿಯಿಂದ ಬಂದ ಸೋಂಕು ಎಂದು. ಹೇಗೆ ಬಂತು ಎಂದು ಕೇಳಿದಾಗ ನೀನೇ ಮುಂದೆ ಬಂದೆ.

"ಒಂದ್ಸಲ ಮರಿ ತೋರ್ಸಕ್ಕೆ ಕುರಿ ರೊಪ್ಪದ ತಂಕ ಕರ್ಕಂಡ್ ಹೋಗಿದ್ದೆ ಸಾರ್. ನಂದೇ ತಪ್ಪು."

ನನಗೆ — ಹೇಳಲು ನಾಚಿಕೆಯಾಗುತ್ತದೆ — ನಿರಾಳವಾಯಿತು.

ಮಗಳು ಉಳಿದಳು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ. ನೀನು ಅಂದಿನಿಂದ ರೊಪ್ಪಕ್ಕೆ ಕಾಲಿಡಲಿಲ್ಲ. ಹೊಲಿಗೆಯ ಗಾಯದ ಮೇಲೆ ಕೈಯಿಟ್ಟುಕೊಂಡು ಕೂರುವ ನಿನ್ನನ್ನು ಎಷ್ಟು ಸಲ ನೋಡಿ ಎದ್ದು ಹೋಗಿದ್ದೇನೆ.

ಈಗ ಸಿಂಚನಾ ಪಿಯುಸಿ. ಹೋದ ವಾರ ಡಾಕ್ಟರು ಕಿಡ್ನಿ ಸೋಲುತ್ತಿದೆ ಎಂದರು. ಆಸ್ಪತ್ರೆಯ ಗೇಟಿನ ಹತ್ತಿರ ಕುಸಿದು, "ನಾನೇ ಕೊಟ್ಟೆ, ನಾನೇ ಹಾಳ್ ಮಾಡ್ದೆ" ಎಂದು ನೀನು ಅತ್ತೆ. ನಿನಗೆ ನೀರು ತರಲು ಅವಳೂ ನಾನೂ ಅಂಗಡಿಗೆ ನಡೆದೆವು. ದಾರಿಯಲ್ಲಿ ಹೇಳಿದಳು:

"ಅಪ್ಪಾ, ಅವತ್ತು ನಾನು ಹೆದ್ರಿ ಸುಮ್ಕಿದ್ದಿದ್ದಲ್ಲ. ನೀನೇ ಹೇಳ್ತೀಯ ಅಂತ ಇದ್ದೆ. ಈಗ್ಲೂ ಹಂಗೇ ಅನ್ಕಂಡಿದೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮೈಯೆಲ್ಲ ಸೂಜಿ ಚುಚ್ಚಿಸಿಕೊಂಡು, ಗೆಳತಿಯರು ತಿನ್ನುವುದನ್ನು ತಿನ್ನದೆ, ನನ್ನ ಸುಳ್ಳಿನ ಭಾರವನ್ನೂ ಹೊತ್ತು ಬೆಳೆದ ಹುಡುಗಿ — ಇನ್ನೂ ನನ್ನ ಮೇಲೆ ನಂಬಿಕೆ ಇಟ್ಟಿದ್ದಾಳೆ! ನಿನ್ನ ಕಿಡ್ನಿ ಅವಳೊಳಗೆ ಕೆಲಸ ಹಿಡಿದ ದಿನ ಬೆರಗಾಗಿದ್ದೆ; ಇದು ಅದಕ್ಕಿಂತ ಹೆಚ್ಚಿನದು.

ಹಾಳು ಮಾಡಿದವನು ನಾನು, ರತ್ನಾ. ನೀನು ಕೊಟ್ಟೆ, ಅಷ್ಟೇ. ಕ್ಷಮಿಸು ಎಂದು ಕೇಳಲಾರೆ. ನಾಡಿದ್ದು ಡಾಕ್ಟರ ಮುಂದೆಯೂ ಹೇಳುತ್ತೇನೆ. ಆದರೆ ಮೊದಲು ನಿನ್ನ ಮುಂದೆ, ಬಾಯಿಬಿಟ್ಟು, ಈವರೆಗೆ ಮನಸ್ಸಿನಲ್ಲೇ ಹೇಳಿಕೊಂಡ ಇಷ್ಟನ್ನೂ. ಹಿತ್ತಲಿಂದ ನೀನು ಬರುವ ಸದ್ದಾಗುತ್ತಿದೆ. ಸಿಂಚನಾ ಓದುತ್ತಿದ್ದ ಪುಸ್ತಕ ಮುಚ್ಚಿ, ಎದ್ದು ಬಂದು, ನನ್ನ ಪಕ್ಕದಲ್ಲಿ ಕೂತಳು.