ಎಂಟನೆಯ ಸೀರೆ ಬೇಗ ಮುಗಿದಾಗ

ನಾರಾಯಣಪೇಟೆಯ ನೇಕಾರಳು ಗಂಗಾಂಬಿಕಾ ಕ್ಯಾಲೆಂಡರ್ ನೋಡುವವಳಲ್ಲ. ಪ್ರತಿ ಸಲ ಮುಟ್ಟು ಮುಗಿದ ಮೇಲೆ ಮಗ್ಗಕ್ಕೆ ಹೊಸ ಹಾಸು ಏರಿಸುತ್ತಾಳೆ; ಆ ನೂಲಿನಲ್ಲಿ ಎಂಟು ಸೀರೆ ನೇಯ್ದು ಮುಗಿಸುವಷ್ಟರಲ್ಲಿ ಮುಂದಿನ ಮುಟ್ಟು ಬಂದಿರುತ್ತದೆ. ಮಕ್ಕಳಿಬ್ಬರಾದ ಮೇಲೆ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಈ ಸಲ ಎಂಟನೆಯ ಸೀರೆ ಮುಗಿದು ಮೂರು ದಿನವಾದರೂ ಮುಟ್ಟು ಬರಲಿಲ್ಲ. ಮೂರನೆಯ ಮಗು ಬೇಡವೆಂದಿದ್ದವಳು ಆಸ್ಪತ್ರೆಗೆ ಓಡಿದಳು.

ಆಸ್ಪತ್ರೆಯ ನರ್ಸ್ ಝಾನ್ಸಿ ಸೀರೆಗಳ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, ಹೋದ ಸಲದ ಮುಟ್ಟಿನ ಮೊದಲ ದಿನ ಯಾವುದೆಂದು ಕೇಳಿದಳು.

"ಅವತ್ತ ಮಗಳ ಶಾಲಿ ಶುರುವಾಗಿತ್ರಿ."

ಝಾನ್ಸಿ ಬೆರಳು ಮಡಿಸಿ ಎಣಿಸಿದಳು. "ಇವತ್ತಿಗೆ ಇಪ್ಪತ್ನಾಲ್ಕೇ ದಿನ ಆಗ್ಯಾವ. ತಡಾನೇ ಆಗಿಲ್ಲ ನಿಮಗ. ಮೂವತ್ತೈದು ದಾಟಿದ್ರ ಬರ್ರಿ, ಪರೀಕ್ಷೆ ಮಾಡೋಣು. ಅಲ್ರೀ, ಈ ಸಲ ನೀವೊಬ್ರೇ ನೇಯ್ದ್ರೇನು?"

ಗಂಗಾಂಬಿಕಾಗೆ ಆಗ ಹೊಳೆಯಿತು. ಮದುವೆ ಸೀರೆಗಳ ಅವಸರವೆಂದು ಗಂಡ ಕೊಟ್ರೇಶನೂ ದಿನಾ ಅರ್ಧ ಹೊತ್ತು ಮಗ್ಗಕ್ಕೆ ಕುಳಿತಿದ್ದ. ಹಾಸು ವಾರ ಮೊದಲೇ ಮುಗಿದಿತ್ತು.

ಮನೆಯ ಬಾಗಿಲಲ್ಲೇ ಕಾದಿದ್ದ ಕೊಟ್ರೇಶ ಮೆಲ್ಲಗೆ ಕೇಳಿದ, "ಏನಂದ್ರು?"

"ತಪ್ಪೆಲ್ಲಾ ನಿಮ್ದೇ ಅಂತ್ರಿ."

ಅವನ ಮುಖ ಇಳಿಯಿತು. ಅವಳು ಚಪ್ಪಲಿ ಬಿಟ್ಟು, ತಂಬಿಗೆ ನೀರು ಪೂರ್ತಿ ಕುಡಿದು ಹೇಳಿದಳು:

"ಮಗ್ಗಕ್ಕ ಕುಂತದ್ದು."