ಗೊತ್ತಿಲ್ಲದವರ ಕ್ಲಾಸು

ಆಗ ತಾನೇ ಮಷಿನ್ನಿನಿಂದ ಹೊರಗೆ ಬಂದ ಜೆರಾಕ್ಸ್ ಹಾಳೆಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ, ಅದರ ಜೊತೆಗೆ ಹೊಸ ಪುಸ್ತಕದ ಒಂದು ಪಾಲು. ಮೊನ್ನೆ ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆಯ ಪ್ರತಿಗಳನ್ನು ತೆಗೆಸಿಕೊಂಡು, ಆ ಬೆಚ್ಚನೆಯ ಕಟ್ಟನ್ನು ಎದೆಗವುಚಿಕೊಂಡು ಶಾಲೆಗೆ ನಡೆಯುವಾಗ ನನಗೆ ಒಳಗೊಳಗೇ ಖುಷಿ. ಪರೀಕ್ಷೆ ಎಂದರೆ ಬೇರೆಯವರಿಗೆ ಹೊಟ್ಟೆನೋವು ಬರುತ್ತದೆ, ನನಗೆ ಹಸಿವಾಗುತ್ತದೆ. ಚಿಕ್ಕಂದಿನಿಂದಲೂ ಅಷ್ಟೇ. ಈಗ ನಾನು ಬರೆಯುವವಳಲ್ಲ, ಬರೆಸುವವಳು. ಆದರೂ ಚಟ ಹೋಗಿಲ್ಲ. ಮಕ್ಕಳಿಗೆ ಹಂಚುವ ಮುಂಚೆ ಸ್ಟಾಫ್ ರೂಮಿನಲ್ಲಿ ಕೂತು ನಾನೇ ಒಂದು ಸಾರಿ ಬರೆದು, ನನಗೆ ನಾನೇ ಪೂರ್ತಿ ಮಾರ್ಕ್ಸ್ ಕೊಟ್ಟುಕೊಂಡು, ಆಮೇಲೆ ಟೀ ಕುಡಿಯುತ್ತೇನೆ.

ಈ ಸಲದ ಪರೀಕ್ಷೆ ಮಾಮೂಲಿನದಲ್ಲ. ತಾಲ್ಲೂಕಿನ ಸರ್ಕಾರಿ ಶಾಲೆಗಳ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ, ಅವರಿಗೆಂದೇ ಶನಿವಾರ ಮಧ್ಯಾಹ್ನ ವಿಶೇಷ ತರಗತಿ ನಡೆಸುತ್ತಾರಂತೆ. ಒಳ್ಳೆಯ ಪ್ರಯೋಗಶಾಲೆ, ಕಂಪ್ಯೂಟರು, ಮೈಸೂರಿನಿಂದ ಬಂದು ಪಾಠ ಮಾಡುವವರು, ಎಲ್ಲ ಇದೆಯಂತೆ. ನಮ್ಮ ಶಾಲೆಯ ಎಂಟನೇ ತರಗತಿಯಿಂದ ಇಬ್ಬರನ್ನು ಆರಿಸಿ ಕಳಿಸಬೇಕು. ಗಣಿತದ ಟೀಚರ್ ಆದ್ದರಿಂದ ಆರಿಸುವ ಕೆಲಸ ನನ್ನ ತಲೆಗೆ ಬಂತು. ನನಗೇನು, ಸಂತೋಷವೇ. ಕೆಂಪು ಪೆನ್ನು ಹಿಡಿದು ಕೂತೆ.

ಸರಾಗವಾಗಿ ಸಾಗುತ್ತಿದ್ದ ಪೆನ್ನು ಚಂದ್ರಿಕಾ ಎಂಬ ಹುಡುಗಿಯ ಪತ್ರಿಕೆಯ ಮೇಲೆ ನಿಂತಿತು. ‘ಗುಂಪಿಗೆ ಸೇರದ್ದನ್ನು ಗುರುತಿಸಿ: ಎತ್ತು, ಕುರಿ, ಮೇಕೆ, ಕೋಳಿ.’ ಈ ಜಾತಿಯ ಪ್ರಶ್ನೆಗಳು ಒಂದು ಪುಟದ ತುಂಬ ಇದ್ದವು. ಲೆಕ್ಕಗಳನ್ನೆಲ್ಲ ಚೊಕ್ಕವಾಗಿ ಮಾಡಿದ್ದ ಹುಡುಗಿ ಈ ಪುಟವನ್ನು ಪೂರ್ತಿ ಖಾಲಿ ಬಿಟ್ಟಿದ್ದಳು. ಮೊದಲನೆಯ ಪ್ರಶ್ನೆಯ ಪಕ್ಕದಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ‘ಯಾವ ಗುಂಪು ಅಂತ ಹೇಳಿಲ್ಲ.’

ಉತ್ತರ ಕೋಳಿ. ಎರಡೇ ಕಾಲು, ಮೊಟ್ಟೆ ಇಡುತ್ತದೆ. ಅದು ನನಗೂ ಗೊತ್ತು, ನಿಮಗೂ ಗೊತ್ತು. ನಿಯಮದ ಪ್ರಕಾರ ಸೊನ್ನೆ ಹಾಕಿದೆ. ಹಾಕಿದ ಮೇಲೆ ಆ ಸೊನ್ನೆಯನ್ನು ನೋಡುತ್ತ ಕೂತವಳಿಗೆ, ಎಷ್ಟೋ ವರ್ಷಗಳ ಆಚೆಯಿಂದ ನಿಂಗಯ್ಯ ಮೇಷ್ಟ್ರು ಕೆಮ್ಮಿದ ಹಾಗಾಯಿತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನಮ್ಮ ಊರು. ಸಂತೆಬಾಚಹಳ್ಳಿಯ ಸಂತೆಗೆ ನಡೆದೇ ಹೋಗಿಬರುವಷ್ಟು ಹತ್ತಿರ. ನಮ್ಮೂರಿನ ಪ್ರೈಮರಿ ಶಾಲೆಗೆ ನಾಗಮಂಗಲದ ಕಡೆಯಿಂದ ವರ್ಗವಾಗಿ ಬಂದವರು ನಿಂಗಯ್ಯ ಮೇಷ್ಟ್ರು. ಸಣಕಲು ಆಳು, ಸದಾ ನಶ್ಯ, ಅದಕ್ಕೆ ತಕ್ಕ ಕೆಮ್ಮು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಐದನೇ ಕ್ಲಾಸಿನ ಚುರುಕು ಮಕ್ಕಳಿಗೆ ಪ್ರತ್ಯೇಕ ಪಾಠ ಮಾಡಿ ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಬೇರೆ ಶಾಲೆಗಳಲ್ಲಿ ಮಾರ್ಕ್ಸ್ ನೋಡಿ ಆರಿಸಿದರು. ನಮ್ಮ ಮೇಷ್ಟ್ರು ಮಾತ್ರ ಕ್ಲಾಸಿನ ಮುಂದೆ ನಿಂತು ಒಂದು ವಿಚಿತ್ರ ಕಾನೂನು ಮಾಡಿದರು.

“ಉತ್ತರ ತರ್ಬ್ಯಾಡಿ. ನಂಗೊತ್ತಿಲ್ದಿರೋ ಒಂದು ಪ್ರಶ್ನೆ ತನ್ನಿ. ತಂದೋರು ಒಳಕ್ಕೆ, ಇಲ್ದೋರು ಆಚೆಗೆ.”

ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂಲೆಯ ಕೊಠಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಜವರ ಎಂಬ ಹುಡುಗ ಮೊದಲನೇ ವಾರವೇ ಗೆದ್ದ. ಅವನ ಅಪ್ಪನದು ಆಲೆಮನೆ. “ಬೆಲ್ಲದ ಪಾಕ ಉಕ್ಕಿ ಬಂದಾಗ ಒಂದೀಟು ಅರಳೆಣ್ಣೆ ಬುಟ್ರೆ ಸುಮ್ಕೆ ಇಳ್ಕೊಂಬುಡ್ತದಲ್ಲ, ಯಾಕೆ ಸಾ?” ಎಂದ. ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿ, ಕೆಮ್ಮಿ, “ಗೊತ್ತಿಲ್ಲ ಕಣ್ಲಾ. ಬಾ ಒಳಕ್ಕೆ” ಎಂದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಣ್ಣತಾಯಿಯ ಮನೆಯಲ್ಲಿ ಕುರಿಗಳಿದ್ದವು. ಅವಳು ಕೇಳಿದಳು, “ಮಂದೆ ಕುರಿಯೆಲ್ಲ ಮುಂದ್ಗಡೆ ಕುರಿ ಇಂದೆ ಓಯ್ತವೆ. ಮುಂದ್ಗಡೆ ಕುರಿ ಯಾರಿಂದೆ ಓಯ್ತದೆ?” ಮೇಷ್ಟ್ರು ಎದ್ದು ನಿಂತುಬಿಟ್ಟರು. “ಅಯ್ಯೋ ತಾಯಿ, ಗೊತ್ತಿಲ್ಲ ಕಣವ್ವ. ಬಾ ಬಾ ಒಳಕ್ಕೆ.”

ಇನ್ನು ನನ್ನ ಕಥೆ. ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು ನಾನು. ಜಂಬದಿಂದ ಹೋಗಿ, “ಪ್ರಪಂಚದ ಅತಿ ಉದ್ದದ ನದಿ ಯಾವುದು?” ಎಂದೆ. ನೈಲ್ ಎಂದರು. ಮುಂದಿನ ವಾರ ಅಣ್ಣನ ಗೈಡಿನಿಂದ ಯಾವುದೋ ದೂರದೇಶದ ರಾಜಧಾನಿ ಹುಡುಕಿ ತಂದೆ. ಮೇಷ್ಟ್ರು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು. ಗೆದ್ದೆ ಎಂದು ಒಳಕ್ಕೆ ಕಾಲಿಟ್ಟಾಗ ಕೈ ಅಡ್ಡ ಹಿಡಿದರು.

“ತಡಿಯವ್ವ. ನಿಂಗೆ ಉತ್ರ ಗೊತ್ತಾ?”

“ಓ, ಗೊತ್ತು ಸಾ!”

“ಅಂಗಾರೆ ಅದು ಪ್ರಶ್ನೆ ಅಲ್ಲ ಕಣವ್ವ, ಪರೀಕ್ಷೆ. ನಿಂಗೂ ಗೊತ್ತಿರ್ಬಾರ್ದು, ನಂಗೂ ಗೊತ್ತಿರ್ಬಾರ್ದು. ಅಂಥದ್ದು ತತ್ತಾ.”

ನೀವೇ ಹೇಳಿ, ಗೊತ್ತಿಲ್ಲದ್ದನ್ನು ಎಲ್ಲಿಂದ ತರುವುದು? ಗೊತ್ತಿರುವುದನ್ನಾದರೆ ರಾತ್ರಿಯೆಲ್ಲ ಉರು ಹೊಡೆದು ತರಬಹುದು. ಮನೆಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯ ಹತ್ತಿರ ಹೋಗಿ, “ಅಜ್ಜಿ, ನಿಂಗೆ ಗೊತ್ತಿಲ್ದಿರೋದು ಒಂದು ಯೋಳಜ್ಜಿ” ಎಂದು ಗೋಗರೆದೆ. ಅಜ್ಜಿ ಮೊರ ನಿಲ್ಲಿಸಲಿಲ್ಲ. “ನಂಗೊತ್ತಿಲ್ದಿರೋದಾ? ನಿಮ್ಮಪ್ಪ ಬೀಡಿ ಎಲ್ಲಿ ಮಡುಗ್ತಾನೆ ಅಂತ ಗೊತ್ತಿಲ್ಲ. ಓಗಿ ಕೇಳು ನಿಮ್ಮ ಮೇಷ್ಟ್ರುನ್ನ” ಎಂದಳು. ಕೇಳಲು ನನಗೆ ಧೈರ್ಯ ಬರಲಿಲ್ಲ.

ನನ್ನ ಅಳು ನೋಡಲಾರದೆ ಅಪ್ಪ ಒಂದು ದಿನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಜಗಳಕ್ಕೇ ಹೊರಟರು. “ಪಸ್ಟು ಬರೋ ಮಗೀನ ಆಚೆ ಕೂರ್ಸಿದ್ದೀರಂತಲ್ಲ ಮೇಷ್ಟ್ರೇ, ಇದ್ಯಾವ ನ್ಯಾಯ?” ಎಂದು ಕೇಳಿದರಂತೆ. ಮೇಷ್ಟ್ರು ಅವರಿಗೆ ಕುರ್ಚಿ ಕೊಟ್ಟು, “ಗೌಡ್ರೇ, ನಿಮ್ಮ ಮಗೀಗೆ ಎಲ್ಲಾ ಗೊತ್ತು. ಇದು ಗೊತ್ತಿಲ್ದೋರ ಕ್ಲಾಸು” ಎಂದರಂತೆ. ಹೋದಾಗ ಇದ್ದ ಸಿಟ್ಟು ಬರುವಾಗ ಅಪ್ಪನ ಮುಖದಲ್ಲಿರಲಿಲ್ಲ. ಹಟ್ಟಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ, “ಅದು ದಡ್ಡರ ಕ್ಲಾಸಂತೆ ಬುಡವ್ವ! ನಿನ್ನ ಸೇರುಸ್ಕೊಳ್ದೆ ಇದ್ದುದ್ದೇ ಒಳ್ಳೇದಾಯ್ತು” ಎಂದರು. ಅಂದು ಮನೆಯಲ್ಲಿ ಒಬ್ಬಟ್ಟು ಮಾಡುವುದೊಂದು ಬಾಕಿ. ಮುಂದಿನ ವಾರ ಜವರನ ತಂದೆ ಮಗನನ್ನು ಆ ಕ್ಲಾಸಿನಿಂದ ಬಿಡಿಸಿ ಎಂದು ಮೇಷ್ಟ್ರಿಗೆ ದುಂಬಾಲು ಬಿದ್ದರು.

ನನಗೆ ಮಾತ್ರ ಸಮಾಧಾನವಿಲ್ಲ. ಒಳಗಿನಿಂದ ನಗು ಕೇಳಿಸುತ್ತಿತ್ತು. ಸಣ್ಣತಾಯಿಯ ಕುರಿಯ ಬಗ್ಗೆ ಮೇಷ್ಟ್ರೂ ಮಕ್ಕಳೂ ಸೇರಿ ವಾದ ಮಾಡುತ್ತಿದ್ದರು, ಆಲೆಮನೆಗೆ ಹೋಗಿ ಪಾಕ ನೋಡಿಬರುತ್ತಿದ್ದರು. ನಾನು ಕಿಟಕಿಯ ಹೊರಗೆ ನಿಂತು ಸರಳು ಹಿಡಿದುಕೊಂಡು ನೋಡುತ್ತಿದ್ದೆ. ಒಂದು ಶನಿವಾರ ಹೊಟ್ಟೆಯುರಿ ತಡೆಯಲಾರದೆ ಬಾಗಿಲಿಗೆ ಹೋಗಿ ಕಿರುಚಿಬಿಟ್ಟೆ. “ಒಳಗಿರೋರೇ ಬುದ್ಧಿವಂತ್ರು, ಆಚೆ ಇರೋರು ಅಲ್ಲ ಅಂತ ನಿಮ್ಗೆ ಎಂಗೊತ್ತು ಸಾ?”

ಒಳಗಿನ ಗಲಾಟೆ ನಿಂತಿತು. ಈಗ ಏಟು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಏಟು ಬೀಳದೆ ಕಣ್ಣು ಬಿಟ್ಟೆ. ಮೇಷ್ಟ್ರು ನಶ್ಯದ ಡಬ್ಬಿ ತೆಗೆದರು, ಏರಿಸದೆ ಮತ್ತೆ ಜೇಬಿಗಿಟ್ಟರು.

“ಗೊತ್ತಿಲ್ಲ ಕಣವ್ವ,” ಎಂದರು. “ಬಾ ಒಳಕ್ಕೆ.”

ಮುಂದಿನ ಶನಿವಾರ ಅವರ ಕುರ್ಚಿ ಮೂಲೆಯ ಕೊಠಡಿಯ ಬಾಗಿಲಲ್ಲಿರಲಿಲ್ಲ. ಕ್ಲಾಸು ಶಾಲೆಯ ಜಗಲಿಗೆ ಬಂದಿತ್ತು. ಜಗಲಿಗೆ ಬಾಗಿಲಿಲ್ಲ, ಬಂದವರೆಲ್ಲ ಕೂತರು.

ಆಮೇಲೆ ಏನಾಯಿತು ಎಂದು ನೀವು ಕೇಳುತ್ತೀರಿ. ವಸತಿ ಶಾಲೆಯ ಪರೀಕ್ಷೆ ನಡೆಯಿತು. ಅದು ನಿಂಗಯ್ಯ ಮೇಷ್ಟ್ರು ಮಾಡಿದ ಪರೀಕ್ಷೆಯಲ್ಲವಲ್ಲ, ಉತ್ತರ ಕೇಳುವ ಪರೀಕ್ಷೆ. ನಮ್ಮ ಶಾಲೆಯಿಂದ ಆಯ್ಕೆಯಾದದ್ದು ನಾನೊಬ್ಬಳೇ. ಅಪ್ಪ ಊರಿಗೆಲ್ಲ ಬೂಂದಿ ಹಂಚಿದರು. ನಾನು ಟ್ರಂಕು ಹೊತ್ತು ಹೊರಟ ದಿನ ಸಣ್ಣತಾಯಿ ಬಸ್ಸಿನವರೆಗೂ ಬಂದು, “ಅಲ್ಲಿ ಏನೇನ್ ಕಲುಸ್ತಾರೆ ಅಂತ ಬಂದು ಯೋಳೇ” ಎಂದಳು. ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಈಗ ಬೂಕನಕೆರೆಯಲ್ಲಿದ್ದಾಳೆ, ಹಸು ಕಟ್ಟಿಕೊಂಡು ಚೆನ್ನಾಗಿಯೇ ಇದ್ದಾಳೆ. ಮದುವೆ ಮನೆಗಳಲ್ಲಿ ಸಿಕ್ಕಾಗ ಊಟದ ಎಲೆ ಮುಂದೆಯೂ ಏನಾದರೊಂದು ಪ್ರಶ್ನೆ ಇಟ್ಟೇ ಇಡುತ್ತಾಳೆ. ಅವಳಿಗೆ ಬೇಸರವಿಲ್ಲ. ನನಗಿದೆ. ಆ ತಲೆಗೆ ಒಂದು ಪ್ರಯೋಗಶಾಲೆ ಸಿಕ್ಕಿದ್ದರೆ ಏನೇನು ಹುಡುಕುತ್ತಿತ್ತೋ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಉತ್ತರದ ಮಗು ಬೆಳೆದು ಉತ್ತರದ ಟೀಚರ್ ಆಯಿತು. ಇಷ್ಟು ವರ್ಷದ ಪಾಠದಲ್ಲಿ ನಾನು ಒಂದು ದಿನವೂ ಮಕ್ಕಳೆದುರು ‘ಗೊತ್ತಿಲ್ಲ’ ಎಂದವಳಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ, ‘ಅದು ಮುಂದಿನ ಪಾಠದಲ್ಲಿ ಬರುತ್ತೆ, ಕೂತ್ಕೊ’ ಎಂದುಬಿಡುತ್ತೇನೆ. ಪುಣ್ಯಕ್ಕೆ ಮುಂದಿನ ಪಾಠದ ಹೊತ್ತಿಗೆ ಕೇಳಿದವರು ಮರೆತಿರುತ್ತಾರೆ.

ಚಂದ್ರಿಕಾಗೆ ಸೊನ್ನೆ ಹಾಕಿದ ಮಾರನೆಯ ದಿನ ತಾಲ್ಲೂಕಿನ ಆಫೀಸಿಗೆ ಫೋನು ಮಾಡಿ, ಮೂರನೆಯ ಹೆಸರೊಂದನ್ನು ಕಳಿಸಬಹುದೇ ಎಂದು ಕೇಳಿದೆ. ಆ ಕಡೆಯವರು ಪಾಪ ಒಳ್ಳೆಯವರೇ. “ಇಬ್ಬರಿಗೇ ಜಾಗ ಇರೋದು ಮೇಡಂ. ಆ ಮಗು ಮಾರ್ಕ್ಸ್ ಎಷ್ಟು?” ಎಂದರು. ಹೇಳಿದೆ. “ಮತ್ತೆ ಯಾಕ್ ಕಳಿಸ್ತೀರಾ?” ಎಂದರು. ಥ್ಯಾಂಕ್ಸ್ ಹೇಳಿ ಫೋನು ಇಟ್ಟೆ.

ಮಧ್ಯಾಹ್ನ ಬಿಸಿಯೂಟದ ತಟ್ಟೆ ತೊಳೆದುಕೊಂಡು ಬರುತ್ತಿದ್ದ ಚಂದ್ರಿಕಾಳನ್ನು ಸ್ಟಾಫ್ ರೂಮಿನ ಹತ್ತಿರ ಕರೆದೆ. ಒಳಗೆ ಬರದೆ ಬಾಗಿಲಲ್ಲೇ ನಿಂತಳು. “ಆ ಪುಟ ಯಾಕೆ ಬಿಟ್ಟೆ?” ಎಂದೆ.

“ಬೇಕೂಂತ ಬುಡ್ಲಿಲ್ಲ ಮಿಸ್,” ಎಂದಳು, ತಟ್ಟೆಯ ನೀರು ಕೊಡವುತ್ತ. “ಸಂತೆಗೆ ನಡ್ಕೊಂಡು ಓಗೋವು ಅಂದ್ರೆ ಕೋಳಿ ಸೇರಲ್ಲ, ಅದ್ನ ಎತ್ಕೊಂಡೋಗ್ಬೇಕು. ಸಾರು ಮಾಡೋವು ಅಂದ್ರೆ ಎತ್ತು ಸೇರಲ್ಲ. ಕಂಬ್ಳಿಗೆ ತುಪ್ಪಟ ಕೊಡೋದು ಅಂದ್ರೆ ಕುರಿ ಒಂದೇ. ನಮ್ಮನೇಲಿ ಇರೋವು ಅಂದ್ರೆ ಮೇಕೆ ಸೇರಲ್ಲ, ನಮ್ಮಜ್ಜಿಗೆ ಅದ್ರ ವಾಸ್ನೆ ಆಗಲ್ಲ.” ತಟ್ಟೆಯನ್ನು ಕಂಕುಳಿಗೆ ಸೇರಿಸಿಕೊಂಡು, “ಒಂದು ಕಾರ್ಣ ಹುಡುಕ್ಕಂಡ್ರೆ ಯಾವ್ದನ್ನ ಬೇಕಾದ್ರೂ ಆಚೆಗಾಕ್ಬೋದಲ್ವ ಮಿಸ್? ಅದ್ಕೇ ಯಾವ್ದನ್ನೂ ಆಕ್ಲಿಲ್ಲ” ಎಂದಳು.

ಬೈಗುಳ ಬರಲಿಲ್ಲವೆಂದು ಧೈರ್ಯವಾಯಿತೋ ಏನೋ, ಅವಳೇ ಕೇಳಿದಳು.

“ಮಿಸ್, ಆ ಜಾಣರ ಕ್ಲಾಸ್ಗೆ ನಾನು ಸೇರ್ತೀನಾ?”

ಹೇಳಲು ಉತ್ತರವಿತ್ತು. ಮಾರ್ಕ್ಸ್ ಇತ್ತು, ನಿಯಮವಿತ್ತು, ಬೆಳಿಗ್ಗೆ ಫೋನಿನಲ್ಲಿ ಕೇಳಿದ ಮಾತಿತ್ತು. ಅವೆಲ್ಲ ನಾಲಿಗೆಯ ತುದಿಗೆ ಬಂದವು. ಆದರೆ ಬಾಯಿಂದ ಹೊರಟಿದ್ದು ನನ್ನ ಊರಿನ ಜಗಲಿಯ ಮಾತು, ಮೊದಲು ಒಂದು ಸಣ್ಣ ಕೆಮ್ಮು ಸಮೇತ.

“ಗೊತ್ತಿಲ್ಲ ಕಣವ್ವ,” ಎಂದೆ. “ಶನಿವಾರ ಸ್ಕೂಲು ಬಿಟ್ಟ ಮೇಲೆ ಜಗಲೀಲಿ ಕೂರೋಣ. ಬರೋರ್ನೆಲ್ಲ ಕರ್ಕೊಂಡು ಬಾ.”